ಇಪ್ಪತ್ನಾಲ್ಕು ಗಂಟೆಯ ಓಟ, ಎರಡು ದಿನದ ಕಾಫಿ



ನನ್ನ ತರಗತಿಯಲ್ಲಿ ಕುಳಿತವರಿಗೆ ಈ ತಲೆಬರಹ ಕಂಡು ನಗು ಬಂದೀತು. ಪಾಣಿಪತ್ತಿನ ಮೂರು ಕದನಗಳನ್ನು ಇಸವಿ ಸಹಿತ ಒಪ್ಪಿಸದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರಿಗೆ ಮೋಟಾರು ಪಂದ್ಯದ ಹುಚ್ಚು ಯಾವಾಗ ಹಿಡಿಯಿತೆಂದು ನೀವು ಕೇಳಬಹುದು. ಹುಚ್ಚು ನನ್ನದಲ್ಲ, ನನ್ನ ವಿದ್ಯಾರ್ಥಿಯೊಬ್ಬನದು. 1984ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಈ ಹುಡುಗ, ವಿಜಯನಗರದ ಅರಸರ ವಂಶಾವಳಿ ಬರೆಯಬೇಕಾದ ಪುಟದಲ್ಲಿ ಉದ್ದ ಮೂತಿಯ ಕಾರೊಂದನ್ನು ಬರೆದು, ಅದರ ಬಾಗಿಲಿಗೆ ಅಂಕಿಯನ್ನೂ ಹಾಕಿ ಕುಳಿತಿದ್ದನು. ನಾನು ಆ ಹಾಳೆಯನ್ನು ಹರಿದು ಕಿಟಕಿಯಿಂದಾಚೆ ಎಸೆದೆನಂತೆ. ನನಗೆ ಇದು ಮರೆತುಹೋಗಿತ್ತು. ಅವನಿಗೆ ಮರೆತಿರಲಿಲ್ಲ.

ಮುಂದೆ ಇಂಜಿನಿಯರಾಗಿ ಅಮೆರಿಕದಲ್ಲಿ ನೆಲೆಸಿದ ಅವನು 2016ರ ಜೂನ್ ತಿಂಗಳಲ್ಲಿ ಊರಿಗೆ ಬಂದವನು ಎರಡು ದಿನ ನಮ್ಮ ಮನೆಯಲ್ಲಿ ಉಳಿದನು. ಬರುವ ಮೊದಲೇ ಫೋನು ಮಾಡಿ, "ಸಾರ್, ಶನಿವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ನಾನೊಂದು ಓಟ ನೋಡ್ಬೇಕು. ನಿಮಗೆ ತೊಂದ್ರೆ ಇಲ್ಲ ಅಂದ್ರೆ ಅಲ್ಲೇ ನೋಡ್ತೀನಿ" ಎಂದನು. ಓಟವೊಂದು ಶನಿವಾರ ಆರಂಭವಾಗಿ ಭಾನುವಾರ ಮುಗಿಯುವುದೆಂಬ ಮಾತು ಮೊದಲಿಗೆ ನನಗೆ ಅರ್ಥವಾಗಲಿಲ್ಲ.

ಅದು ಫ್ರಾನ್ಸಿನ ಲ ಮಾನ್ ಎಂಬ ಊರಿನ ಓಟ. ಇಂಗ್ಲಿಷ್ ಅಕ್ಷರಗಳನ್ನು ಕಂಡು ನಮ್ಮವರು ಲೆ ಮಾನ್ಸ್ ಎಂದು ಓದುವುದುಂಟು. ಫ್ರೆಂಚರು ತಮ್ಮ ವಾಡಿಕೆಯಂತೆ ಕೊನೆಯ ಅಕ್ಷರವನ್ನು ನುಂಗುತ್ತಾರೆ. ಅಲ್ಲಿ ಮೊದಲು ಗುರಿ ಮುಟ್ಟಿದವನು ಗೆದ್ದನೆಂಬ ಲೆಕ್ಕವಿಲ್ಲ. ಹಗಲು, ರಾತ್ರಿ, ಮರುಹಗಲು ಕೂಡಿ ಇಪ್ಪತ್ನಾಲ್ಕು ಗಂಟೆಗಳಲ್ಲಿ ಅತಿ ಹೆಚ್ಚು ದೂರ ಓಡಿದ ಕಾರು ಗೆದ್ದಂತೆ. ಈಗ ಒಂದು ಕಾರನ್ನು ಸರದಿಯ ಮೇಲೆ ಓಡಿಸಲು ಮೂವರು ಚಾಲಕರಿರುತ್ತಾರೆ. ಇದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬಯಲಾಟ. ಬಾಲ್ಯದಲ್ಲಿ ನಾವು ಚೌಕಿಯ ಮುಂದಿನ ಗದ್ದೆಯಲ್ಲಿ ಕಂಬಳಿ ಹೊದ್ದು ಕುಳಿತು, ನಿದ್ದೆ ತೂಗಿದಾಗಲೆಲ್ಲ ಗ್ಯಾಸ್‌ಲೈಟಿನ ಅಂಗಡಿಗೆ ಓಡಿ ಬೆಲ್ಲದ ಕಾಫಿ ಕುಡಿದು ಬಂದು, ಬೆಳಗಿನ ಜಾವದ ರಾಕ್ಷಸ ವೇಷಕ್ಕಾಗಿ ಕಾಯುತ್ತಿದ್ದೆವು. ರಾತ್ರಿಯಿಡೀ ಎಚ್ಚರವಿದ್ದು ನೋಡುವ ಅಭ್ಯಾಸ ಮಲೆನಾಡಿನವರಿಗೆ ಹೊಸತಲ್ಲ. ಜೂನ್ ಎಂದರೆ ಮೇಳಗಳು ಗೆಜ್ಜೆ ಬಿಚ್ಚಿಟ್ಟಿರುವ ತಿಂಗಳು. ಸರಿ, ಈ ಆಟವನ್ನೇ ನೋಡೋಣವೆಂದೆನು.

ಅಂದು 18ನೇ ತಾರೀಖು. ಸಂಜೆ ನನ್ನ ಶ್ರೀಮತಿ ದೊಡ್ಡ ಫಿಲ್ಟರನ್ನು ಅಟ್ಟದಿಂದ ಇಳಿಸಿದಳು. ಮಗಳ ಮದುವೆಯ ಬಳಿಕ ಅದಕ್ಕೆ ಕೆಲಸವಿರಲಿಲ್ಲ. ಚಿಕ್ಕಮಗಳೂರಿನ ಪುಡಿ, ಚಿಕೋರಿ ತುಸುವೇ. ಒಮ್ಮೆ ಕುದಿನೀರು ಹಾಕಿದರೆ ಡಿಕಾಕ್ಷನ್ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಆ ಕಾರುಗಳು ಎಂಟೊಂಬತ್ತು ಸುತ್ತು ಮುಗಿಸುತ್ತವೆಂದು ಶಿಷ್ಯ ಲೆಕ್ಕ ಹೇಳಿದನು. ಒಂದು ಸುತ್ತು ಎಂದರೆ ಹದಿಮೂರೂವರೆ ಕಿಲೋಮೀಟರಿಗೂ ಹೆಚ್ಚು! ನಮ್ಮ ಕಾಲಮಾನ ಆರೂವರೆಗೆ ಓಟ ಆರಂಭವಾಯಿತು. ಅಲ್ಲಿಯೂ ಮಳೆ, ಇಲ್ಲಿಯೂ ಮಳೆ. ಅಲ್ಲಿ ಮಳೆಯ ಕಾರಣ ಮೊದಲ ಕೆಲವು ಸುತ್ತುಗಳಲ್ಲಿ ಕಾರುಗಳೆಲ್ಲ ಒಂದು ಕಾವಲು ಕಾರಿನ ಹಿಂದೆ ಮದುವೆಯ ದಿಬ್ಬಣದಂತೆ ಸಾಲಾಗಿ ಹೋದವು. "ಇದೇನಾ ನಿನ್ನ ಓಟ?" ಎಂದು ಶ್ರೀಮತಿ ಒಳಗೆ ಹೋದಳು.

ಹೀಗೆ ಸುಮ್ಮನೆ ಕುಳಿತಿದ್ದಾಗ ನನ್ನೊಳಗಿನ ಮೇಷ್ಟ್ರು ಎದ್ದನು. ಇದನ್ನು ಯಾರು, ಯಾವಾಗ, ಏಕೆ ಆರಂಭಿಸಿದರು? ಅವನು ತನಗೆ ತಿಳಿದಷ್ಟು ಹೇಳಿದನು. ಉಳಿದುದನ್ನು ನಾನು ಆಮೇಲೆ ಓದಿಕೊಂಡೆನು.

ಲ ಮಾನ್, ಪ್ಯಾರಿಸ್ಸಿನ ನೈಋತ್ಯಕ್ಕೆ ಸಾರ್ತ್ ನದಿಯ ದಡದಲ್ಲಿರುವ ಪುರಾತನ ಪಟ್ಟಣ. ಗ್ರಾನ್ ಪ್ರೀ ಎಂಬ ಹೆಸರಿನ ಮೊದಲ ದೊಡ್ಡ ಮೋಟಾರು ಪಂದ್ಯ 1906ರಲ್ಲಿ ನಡೆದದ್ದು ಈ ಊರಿನ ಹೊರವಲಯದ ರಸ್ತೆಗಳಲ್ಲಿ. ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್ ರೈಟ್ 1908ರಲ್ಲಿ ಯೂರೋಪಿನ ಜನರಿಗೆ ಮೊದಲ ಬಾರಿ ವಿಮಾನ ಹಾರಿಸಿ ತೋರಿಸಿದ್ದೂ ಇಲ್ಲಿಯ ಕುದುರೆ ಪಂದ್ಯದ ಮೈದಾನದಲ್ಲಿ. ಯಂತ್ರಗಳ ವಿಷಯದಲ್ಲಿ ಈ ಊರಿಗೆ ಹೀಗೆ ಮೊದಲಿನಿಂದಲೂ ಒಂದು ಋಣಾನುಬಂಧ. 1923ರ ಮೇ 26 ಮತ್ತು 27ರಂದು ಇಪ್ಪತ್ನಾಲ್ಕು ಗಂಟೆಗಳ ಓಟ ಮೊದಲಾಯಿತು. ಅದನ್ನು ಯೋಜಿಸಿದವರು ಮೂವರು: ಸ್ಥಳೀಯ ಮೋಟಾರು ಸಂಘದ ಜಾರ್ಜ್ ದ್ಯುರಾನ್, ಪತ್ರಕರ್ತ ಶಾರ್ಲ್ ಫಾರೂ, ಹಾಗೂ ಚಕ್ರ ತಯಾರಿಸುವ ಕಂಪನಿಯೊಂದರ ಪ್ರತಿನಿಧಿ ಎಮಿಲ್ ಕೊಕಿಲ್. ಅವರ ಉದ್ದೇಶ ಬರಿಯ ವೇಗವಾಗಿರಲಿಲ್ಲ. ಸಾಮಾನ್ಯ ಜನ ಕೊಳ್ಳುವ ಕಾರು ರಾತ್ರಿಯಲ್ಲಿ ಎಷ್ಟು ನಂಬಿಕೆಗೆ ಅರ್ಹ, ಅದರ ದೀಪಗಳು ಬೆಳಗಿನವರೆಗೆ ಉರಿಯುವವೇ ಎಂಬ ಪರೀಕ್ಷೆ ಅದು. ಮರುವರ್ಷ ಚಾಲಕರು ನಡುವೆ ಕಾರು ನಿಲ್ಲಿಸಿ ಬಟ್ಟೆಯ ಟಾಪನ್ನು ತಾವೇ ಏರಿಸಬೇಕೆಂಬ ನಿಯಮವನ್ನೂ ತಂದರು. ಮಳೆಗಾಲದಲ್ಲಿ ಕೊಡೆ ಬಿಚ್ಚಲು ಬಾರದವನಿಗೆ ಕೊಡೆ ಏಕೆ ಎಂಬ ನ್ಯಾಯ!

ಮೊದಲ ವರ್ಷ ಹೊರಟ ಕಾರುಗಳು 33, ಮುಗಿಸಿದವು 30. ಲಗಾಶ್ ಮತ್ತು ಲೆಯೊನಾರ್ ಎಂಬಿಬ್ಬರು 2209 ಕಿಲೋಮೀಟರ್ ಓಡಿಸಿ ಮುಂದಿದ್ದರು. ಇಂಗ್ಲೆಂಡಿನಿಂದ ಬಂದಿದ್ದುದು ಒಂದೇ ಬೆಂಟ್ಲಿ ಕಾರು. ಅದರ ದೀಪಕ್ಕೆ ಕಲ್ಲು ಬಡಿದು ಒಡೆಯಿತು. ಇನ್ನೊಂದು ಕಲ್ಲು ಪೆಟ್ರೋಲ್ ಟ್ಯಾಂಕನ್ನು ತೂತು ಮಾಡಿತು. ಕಾರು ದೂರದಲ್ಲೆಲ್ಲೋ ನಿಂತಾಗ ಒಬ್ಬ ಚಾಲಕ ನಡೆದು ಬಂದು ಸುದ್ದಿ ಮುಟ್ಟಿಸಿದನು. ಜೊತೆಗಾರ ಪೆಟ್ರೋಲ್ ಹೊತ್ತುಕೊಂಡು ಸೈಕಲ್ ತುಳಿದು ಹೋಗಿ, ತೂತಿಗೆ ಬೆಣೆ ಜಡಿದು ಕಾರನ್ನು ಓಡಿಸಿಕೊಂಡು ಬಂದನು. ಸೈಕಲ್ ಪಂಕ್ಚರಾಗಿ ತಡವಾಯಿತೆಂದು ಕಾರಣ ಹೇಳುತ್ತಿದ್ದ ನನ್ನ ಶಿಷ್ಯವೃಂದಕ್ಕೆ ಈ ಕಥೆ ಆಗ ತಿಳಿಯದಿದ್ದುದು ನನ್ನ ಅದೃಷ್ಟ.

ರಾತ್ರಿ ಹತ್ತರ ಹೊತ್ತಿಗೆ ಕರೆಂಟು ಹೋಯಿತು. ಇನ್ವರ್ಟರ್ ಕೃಪೆಯಿಂದ ಓಟ ಮುಂದುವರಿಯಿತು. ಹೆಂಚಿನ ಮೇಲೆ ಮಳೆ, ಕಂಪ್ಯೂಟರಿನ ಪರದೆಯಲ್ಲಿ ಕತ್ತಲೆಯನ್ನು ಸೀಳುವ ದೀಪಗಳು. ಯಾರು ಮುಂದೆ, ಯಾರು ಹಿಂದೆ ಎಂಬುದು ನನಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಶಿಷ್ಯನೇ ಭಾಗವತನಾಗಿ ಪ್ರಸಂಗವನ್ನು ನಡೆಸಿದನು. ಮದರಾಸಿನ ಕರುಣ್ ಚಂದೋಕ್ 2012ರಲ್ಲಿ ಇಲ್ಲಿ ಓಡಿಸಿ, ತನ್ನ ತಂಡದೊಡನೆ ಆರನೆಯವನಾಗಿ ಮುಗಿಸಿದ್ದನ್ನು ಹೆಮ್ಮೆಯಿಂದ ಹೇಳಿದನು. ಮೂರನೆಯ ಸುತ್ತಿನ ಕಾಫಿಗೆ ನಾನೇ ಎದ್ದು ಹಾಲು ಕಾಯಿಸಿದೆನು. ಅದನ್ನು ಕುಡಿಯುತ್ತ ಅವನು ಹೇಳಿದ್ದು ಪಿಯೆರ್ ಲವೆ ಎಂಬ ಫ್ರೆಂಚ್ ಚಾಲಕನ ಕಥೆಯನ್ನು.

1952ರಲ್ಲಿ ಈತ ಜೊತೆಗಾರನಿಗೆ ಕಾರು ಬಿಟ್ಟುಕೊಡದೆ ಒಬ್ಬನೇ ಇಪ್ಪತ್ಮೂರು ಗಂಟೆಗಳಷ್ಟು ಕಾಲ ಓಡಿಸಿದನು. ಎಲ್ಲರಿಗಿಂತ ಮುಂದಿದ್ದನು. ಇನ್ನು ಒಂದು ಗಂಟೆಯಷ್ಟು ಉಳಿದಿರುವಾಗ ಇಂಜಿನು ಮುರಿಯಿತು. ಹಿಂದೆ ಬರುತ್ತಿದ್ದ ಮರ್ಸಿಡಿಸ್ ಗೆದ್ದಿತು. ಅವನ ಆ ಛಲವನ್ನು ಕಂಡಿದ್ದ ಮರ್ಸಿಡಿಸ್ ತಂಡದವರು 1955ರಲ್ಲಿ ಅವನಿಗೆ ತಮ್ಮದೇ ಕಾರು ಕೊಟ್ಟರು. ಆಗ ಅವನಿಗೆ ನಲವತ್ತೊಂಬತ್ತು ವರ್ಷ.

1955ರ ಜೂನ್ 11, ಶನಿವಾರ. ನಾಲ್ಕು ಗಂಟೆಗೆ ಓಟ ಆರಂಭವಾಗಿತ್ತು. ಇಂಧನ ತುಂಬುವ, ಚಕ್ರ ಬದಲಿಸುವ ಸ್ಥಳಕ್ಕೆ ಪಿಟ್ ಎನ್ನುತ್ತಾರೆ. ಆ ಕಾಲದಲ್ಲಿ ಅದಕ್ಕೂ ಓಟದ ರಸ್ತೆಗೂ ನಡುವೆ ಗೋಡೆಯಿರಲಿಲ್ಲ. ಎದುರು ಬದಿಯಲ್ಲಿ ಒಂದು ಮಣ್ಣಿನ ದಿಂಡು, ಅದರಾಚೆ ನಿಂತ ಜನಜಂಗುಳಿ. 1923ರ ಕಾರುಗಳಿಗಾಗಿ ಆಯ್ದ ರಸ್ತೆಯದು. 1955ರ ಕಾರುಗಳ ವೇಗ ಅದರ ಎರಡು ಮೂರು ಪಟ್ಟಾಗಿತ್ತು. ಆರೂವರೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಮುಂಚೂಣಿಯಲ್ಲಿದ್ದ ಜಾಗ್ವಾರ್ ಕಾರಿನ ಮೈಕ್ ಹಾಥಾರ್ನ್ ನಿಧಾನ ಕಾರೊಂದನ್ನು ಹಿಂದಿಕ್ಕಿ, ಪಿಟ್ಟಿಗೆ ಹೋಗಲು ಥಟ್ಟನೆ ಬ್ರೇಕ್ ಹಾಕಿದನು. ಅವನದು ಹೊಸ ಮಾದರಿಯ ಡಿಸ್ಕ್ ಬ್ರೇಕು, ಬಲು ಬೇಗ ಹಿಡಿಯುವಂಥದು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಡಿಕ್ಕಿ ತಪ್ಪಿಸಲು ತನ್ನ ಆಸ್ಟಿನ್ ಹೀಲಿಯನ್ನು ಎಡಕ್ಕೆ ಎಳೆದನು. ಅದೇ ಎಡಬದಿಯಲ್ಲಿ ಗಂಟೆಗೆ 240 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಲವೆ ಬರುತ್ತಿದ್ದನು. ಅವನ ಕಾರು ಮುಂದಿನದರ ಮೇಲೆ ಹತ್ತಿ, ಹಾರಿ, ಮಣ್ಣಿನ ದಿಂಡಿಗೆ ಬಡಿದು ಸಿಡಿಯಿತು. ಇಂಜಿನು, ಮುಂದಿನ ಅಚ್ಚು, ಮುಚ್ಚಳ ಜನರ ನಡುವೆ ನುಗ್ಗಿದವು. ಉಳಿದ ಭಾಗ ದಿಂಡಿನ ಮೇಲೆ ಹೊತ್ತಿ ಉರಿಯಿತು. ಅದರ ಮೈ ಮೆಗ್ನೀಷಿಯಂ ಬೆರೆತ ಲೋಹವಾದುದರಿಂದ ಬೆಂಕಿ ಆರಿಸುವುದೇ ಕಷ್ಟವಾಯಿತು. ಲವೆಯೂ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತವಿಲ್ಲ.

ಓಟ ನಿಲ್ಲಲಿಲ್ಲ.

ಓಟದ ನಿರ್ದೇಶಕ ಅದೇ ಶಾರ್ಲ್ ಫಾರೂ, 1923ರಲ್ಲಿ ಇದನ್ನು ಹುಟ್ಟುಹಾಕಿದ ಮೂವರಲ್ಲಿ ಒಬ್ಬ. ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರೆಂದು ಅಂದಾಜು. ಓಟ ನಿಲ್ಲಿಸಿದರೆ ಅವರೆಲ್ಲ ಒಮ್ಮೆಲೇ ಹೊರಡುತ್ತಾರೆ, ರಸ್ತೆಗಳು ಕಟ್ಟಿಕೊಳ್ಳುತ್ತವೆ, ಗಾಯಾಳುಗಳನ್ನು ಸಾಗಿಸುವ ವಾಹನಗಳಿಗೆ ದಾರಿ ಸಿಗದು ಎಂಬುದು ಅವನು ಕೊಟ್ಟ ಕಾರಣ. ದೂರದ ತಿರುವುಗಳಲ್ಲಿ ನಿಂತಿದ್ದ ಸಾವಿರಾರು ಜನರಿಗೆ ಏನಾಗಿದೆಯೆಂಬುದೇ ಬಹಳ ಹೊತ್ತು ಗೊತ್ತಿರಲಿಲ್ಲ. ಮರ್ಸಿಡಿಸ್ ತಂಡದವರು ತಮ್ಮ ದೇಶಕ್ಕೆ ಫೋನು ಮಾಡಿ ಅಪ್ಪಣೆ ಪಡೆದು, ಜನಸಂದಣಿ ತುಸು ಕರಗಿದ ನಡುರಾತ್ರಿಯ ಬಳಿಕ ಮುಂಚೂಣಿಯಲ್ಲಿದ್ದ ತಮ್ಮ ಕಾರನ್ನೂ ಜೊತೆಯದನ್ನೂ ಸದ್ದಿಲ್ಲದೆ ಹಿಂತೆಗೆದುಕೊಂಡರು. ನೀವೂ ನಿಲ್ಲಿಸಿ ಎಂಬ ಅವರ ಕೋರಿಕೆಯನ್ನು ಜಾಗ್ವಾರ್ ತಂಡ ಒಪ್ಪಲಿಲ್ಲ. ಮರ್ಸಿಡಿಸ್ಸಿನವನೇ ಆದ ಸ್ಟರ್ಲಿಂಗ್ ಮಾಸ್‌ಗೂ ಹಿಂದೆಗೆದದ್ದು ಸರಿಯೆನಿಸಿರಲಿಲ್ಲ. ಅದರಿಂದ ಸತ್ತವರಾರೂ ಎದ್ದು ಬರಲಾರರೆಂಬುದು ಅವನ ವಾದ. ಮರುದಿನ ಹಾಥಾರ್ನ್ ಮತ್ತು ಜೊತೆಗಾರ ಐವರ್ ಬ್ಯೂಬ್ ಗೆದ್ದರು. ಹಾಥಾರ್ನ್ ಶಾಂಪೇನ್ ಹಿಡಿದು ನಗುತ್ತಿರುವ ಚಿತ್ರ ಪತ್ರಿಕೆಗಳಲ್ಲಿ ಬಂದು, ಫ್ರೆಂಚರ ಸಿಟ್ಟಿಗೆ ಕಾರಣವಾಯಿತು. ಅಧಿಕೃತ ವಿಚಾರಣೆ ಯಾವ ಚಾಲಕನನ್ನೂ ತಪ್ಪಿತಸ್ಥನೆನ್ನಲಿಲ್ಲ. ರಸ್ತೆ ಹಳೆಯದು, ಕಾರು ಹೊಸದು ಎಂಬುದೇ ಅದರ ಸಾರ.

ಇಷ್ಟು ಹೇಳಿ ಅವನು ನನ್ನತ್ತ ತಿರುಗಿ, "ಸಾರ್, ನೀವಾಗಿದ್ರೆ ನಿಲ್ಲಿಸ್ತಿದ್ರಾ?" ಎಂದನು. ಗಂಟೆ ಎರಡೂವರೆ ಇದ್ದೀತು.

ನಾನು ಮೇಷ್ಟ್ರ ಉತ್ತರವನ್ನೇ ಕೊಟ್ಟೆನು. ಆ ಕಾಲದ ಮಾಹಿತಿಯಿಂದಲೇ ಆ ಕಾಲದವರನ್ನು ಅಳೆಯಬೇಕು, ಹೀಗೆ ಏನೇನೋ. ಹೇಳದೆ ಉಳಿಸಿಕೊಂಡದ್ದನ್ನು ಈಗ ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಕೆಲವರು ಅಂದು ಆ ಮೈದಾನದಲ್ಲಿದ್ದವರೇ.

1987ರಲ್ಲಿ ನಾನಿದ್ದ ಶಾಲೆಯಲ್ಲಿ ಅಂತರಶಾಲಾ ಕ್ರೀಡಾಕೂಟ. ಮೈಕು ನನ್ನ ಕೈಯಲ್ಲಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಊರವರಿಗಾಗಿ ಹಾಕಿದ್ದ ಚಪ್ಪರದ ಒಂದು ಪಕ್ಕದ ಕಂಬಗಳು ಕುಸಿದವು. ಹೆಚ್ಚಿನವರಿಗೆ ತರಚು ಗಾಯ. ಒಬ್ಬ ಅಜ್ಜನ ಸೊಂಟಕ್ಕೆ ಬಲವಾದ ಪೆಟ್ಟು. ಮೈದಾನದಲ್ಲಿ ಸಾವಿರಕ್ಕೆ ಕಡಿಮೆಯಿಲ್ಲದ ಮಕ್ಕಳು, ಹೊರಹೋಗಲು ಒಂದೇ ಗೇಟು. ಗಾಬರಿಯೆದ್ದು ಎಲ್ಲರೂ ಅತ್ತ ನುಗ್ಗಿದರೆ ಏನು ಗತಿಯೆಂದು ನನಗೆ ಹೊಳೆಯಿತು. "ಏನೂ ಆಗಿಲ್ಲ, ಎಲ್ಲರೂ ಇದ್ದಲ್ಲಿಯೇ ಇರಿ" ಎಂದು ಘೋಷಿಸಿ ಮುಂದಿನ ರಿಲೇ ಓಟಕ್ಕೆ ತಂಡಗಳನ್ನು ಕರೆದೆನು. ಜೀಪೊಂದು ಹಿಂಬದಿಯಿಂದ ಬಂದು ಅಜ್ಜನನ್ನು ಕರೆದೊಯ್ದಿತು. ರಿಲೇಯ ಕೊನೆಯ ಸರದಿಯಲ್ಲಿ ಓಡಿ ಗೆದ್ದವನು ಆ ಅಜ್ಜನ ಮೊಮ್ಮಗನೆಂಬುದು ಬಹುಮಾನದ ವೇಳೆಗೆ ನನಗೆ ತಿಳಿದಿತ್ತು. ಅವನಿಗೆ ತಿಳಿದಿರಲಿಲ್ಲ. ಕಪ್ಪನ್ನು ಕೈಗಿತ್ತು ಬೆನ್ನು ತಟ್ಟಿ, ಫೋಟೋಗೆ ನಿಲ್ಲಿಸಿ, ಆಮೇಲೆ ಹೇಳಿದೆನು. ಅಜ್ಜ ಹದಿನೈದು ದಿನಗಳ ಬಳಿಕ ತೀರಿಕೊಂಡರು.

ಓಟ ನಿಲ್ಲಿಸದಿದ್ದುದು ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಆ ಹುಡುಗನನ್ನು ರಿಲೇಗೆ ಮುನ್ನ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಬಹುಮಾನಕ್ಕೆ ಮುನ್ನವಂತೂ ಖಂಡಿತ ಹೇಳಬೇಕಿತ್ತು. ಗೇಟು ಚಿಕ್ಕದೆಂಬ ಕಾರಣ ಸಾವಿರ ಮಕ್ಕಳಿಗೆ ಸರಿ, ಅವನೊಬ್ಬನಿಗೆ ಅಲ್ಲ. ಆ ಫೋಟೋದಲ್ಲಿ ಅವನು ಬಾಯ್ತುಂಬ ನಗುತ್ತಿದ್ದಾನೆ. ಹಾಥಾರ್ನನ ಚಿತ್ರವನ್ನು ಶಿಷ್ಯ ತೋರಿಸಿದಾಗ ನಾನು ಬಹಳ ಹೊತ್ತು ಮಾತಾಡಲಿಲ್ಲವೆಂದು ಅವನು ಬಹುಶಃ ನಿದ್ದೆಯೆಂದುಕೊಂಡನು. ಆ ಮೊಮ್ಮಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುವಂತಾದರೆ ಒಂದು ಸಾಲು ಬರೆಯಲಿ.

ಮತ್ತೆ ಲ ಮಾನ್‌ಗೆ ಬರೋಣ. ದುರಂತದ ಬಳಿಕ ಆ ವರ್ಷದ ಹಲವು ಗ್ರಾನ್ ಪ್ರೀಗಳು ರದ್ದಾದವು. ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ಪಂದ್ಯಗಳನ್ನೇ ನಿಷೇಧಿಸಿತು. ಆ ನಿಷೇಧ ದಶಕಗಳ ಕಾಲ ಉಳಿಯಿತು. ಲ ಮಾನ್‌ನಲ್ಲಿ ಪಿಟ್ ಕಟ್ಟಡವನ್ನು ಕೆಡವಿ, ರಸ್ತೆಯನ್ನು ಅಗಲಿಸಿ, ಪ್ರೇಕ್ಷಕರನ್ನು ಹಿಂದೆ ಸರಿಸಿದರು. ಎಲ್ಲವನ್ನೂ ಸರಿಪಡಿಸಿದರೆಂದಲ್ಲ. ಚಾಲಕರು ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿ, ಕಾರಿಗೆ ಹಾರಿ ಹೊರಡುವ ಹಳೆಯ ಪದ್ಧತಿ ಹಾಗೆಯೇ ಇತ್ತು. ಅವಸರದಲ್ಲಿ ಬೆಲ್ಟ್ ಕಟ್ಟಿಕೊಳ್ಳುವವರಿರಲಿಲ್ಲ. 1969ರಲ್ಲಿ ಜಾಕಿ ಈಕ್ಸ್ ಎಂಬ ಬೆಲ್ಜಿಯಂ ಯುವಕ ಪ್ರತಿಭಟನೆಯಾಗಿ ಎಲ್ಲರೂ ಓಡುತ್ತಿರುವಾಗ ನಿಧಾನವಾಗಿ ನಡೆದು ಹೋಗಿ, ಬೆಲ್ಟ್ ಬಿಗಿದುಕೊಂಡು ಕಟ್ಟಕಡೆಯಲ್ಲಿ ಹೊರಟನು. ಮೊದಲ ಸುತ್ತಿನಲ್ಲಿಯೇ ಬೆಲ್ಟ್ ಕಟ್ಟದ ಜಾನ್ ವುಲ್ಫ್ ಅಪಘಾತದಲ್ಲಿ ಸತ್ತನು. ಮರುದಿನ ಓಟ ಗೆದ್ದವನು ಈಕ್ಸ್, ಅದೂ ನೂರಿಪ್ಪತ್ತು ಮೀಟರಿನಷ್ಟು ಅಂತರದಲ್ಲಿ! ಮುಂದಿನ ವರ್ಷದಿಂದ ಓಡಿ ಹತ್ತುವ ಪದ್ಧತಿ ನಿಂತಿತು.

1955ರಲ್ಲಿ ಲವೆಯ ಜೊತೆ ಅದೇ ಕಾರಿಗೆ ಸರದಿಯಲ್ಲಿದ್ದವನು ಜಾನ್ ಫಿಚ್ ಎಂಬ ಅಮೆರಿಕನ್. ಮುಂದಿನ ಸರದಿ ಅವನದಾಗಿತ್ತು. ತಂಡ ಹಿಂದೆಗೆಯಬೇಕೆಂದು ಒತ್ತಾಯಿಸಿದವರಲ್ಲಿ ಅವನೂ ಒಬ್ಬ. ಮುಂದೆ ಅವನು ಹೆದ್ದಾರಿಗಳ ಸೇತುವೆ, ಕವಲುಗಳ ಮುಂದೆ ಇಡುವ ಮರಳು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳನ್ನು ರೂಪಿಸಿದನು. ಕಾರು ಬಂದು ಬಡಿದರೆ ಅವು ಒಡೆದು ವೇಗವನ್ನು ಹೀರಿಕೊಳ್ಳುತ್ತವೆ. "ನಾನು ದಿನಾ ಆಫೀಸಿಗೆ ಹೋಗೋ ದಾರೀಲಿ ಹಳದಿ ಪೀಪಾಯಿ ಇವೆ ಸಾರ್. ಪ್ರತಿಸಲ ಅವನ ನೆನಪಾಗುತ್ತೆ" ಎಂದನು ಶಿಷ್ಯ. ಅಮೆರಿಕದಲ್ಲಿರುವ ನನ್ನ ಬಂಧುಗಳು ಮುಂದಿನ ಸಲ ಕಾರಿನಲ್ಲಿ ಹೋಗುವಾಗ ಗಮನಿಸಿರಿ.

ಬೆಳಗಿನ ಜಾವ ನಾನು ಕುರ್ಚಿಯಲ್ಲಿಯೇ ಮಲಗಿಬಿಟ್ಟೆನು. ಎದ್ದಾಗ ಭಾನುವಾರ, ಬಿಸಿ ಕಡುಬು, ಹೊಸ ಡಿಕಾಕ್ಷನ್. ಓಟ ಇನ್ನೂ ನಡೆಯುತ್ತಲೇ ಇತ್ತು. ಟೊಯೊಟಾ ಮತ್ತು ಪೋರ್ಶೆ ನಡುವೆ ಹಣಾಹಣಿ. 1999ರಿಂದ ನಮ್ಮ ಬಿಡದಿಯಲ್ಲಿ ಕಾರು ಮಾಡುತ್ತಿರುವ ಟೊಯೊಟಾ ಇದೇ ಎಂದು ತಿಳಿದ ಮೇಲೆ ನನ್ನ ಶ್ರೀಮತಿಯೂ ಒಂದು ಪಕ್ಷ ಹಿಡಿದಳು. 1985ರಿಂದ ಆ ಕಂಪನಿ ಇಲ್ಲಿಗೆ ಬರುತ್ತಿದ್ದು, ಒಮ್ಮೆಯೂ ಗೆದ್ದಿರಲಿಲ್ಲ. ಸಂಜೆಯಾಗುತ್ತ ಬಂದಂತೆ ಅದರ ಐದನೇ ನಂಬರಿನ ಕಾರು ಎಲ್ಲರಿಗಿಂತ ಮುಂದಿತ್ತು. ಆರು ಇಪ್ಪತ್ತಕ್ಕೆ ಶ್ರೀಮತಿ ಸಕ್ಕರೆ ಜಾಸ್ತಿ ಹಾಕಿದ ಕಾಫಿ ತಂದಿಟ್ಟು ದೇವರ ದೀಪ ಹಚ್ಚಲು ಹೋದಳು.

ಇನ್ನು ಮೂರುನಾಲ್ಕು ನಿಮಿಷಗಳಿದ್ದವು. ಚಾಲಕ ಕಝುಕಿ ನಕಾಜಿಮಾ, ಕಾರಿನಲ್ಲಿ ಶಕ್ತಿಯಿಲ್ಲವೆಂದು ರೇಡಿಯೋದಲ್ಲಿ ಕೂಗಿಕೊಂಡನು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಗೆಲುವಿನ ಗೆರೆಯ ಬಳಿ ಬಂದು ನಿಂತೇಬಿಟ್ಟಿತು. ಪಕ್ಕದಲ್ಲಿ ಪೋರ್ಶೆ ದಾಟಿ ಹೋಯಿತು. ಗಾಳಿಯ ಕೊಳವೆಯೊಂದರ ಜೋಡಣೆ ಬಿಟ್ಟುಹೋಗಿತ್ತೆಂದು ಬಳಿಕ ತಿಳಿಯಿತು. ಅದು ಹೇಗೋ ತೆವಳಿಕೊಂಡು ಕೊನೆಯ ಸುತ್ತನ್ನು ಮುಗಿಸಿತು. ಆದರೆ ಕೊನೆಯ ಸುತ್ತನ್ನು ಆರು ನಿಮಿಷಗಳೊಳಗೆ ಮುಗಿಸಬೇಕೆಂಬ ನಿಯಮವಿದ್ದುದರಿಂದ, ಇಪ್ಪತ್ನಾಲ್ಕು ಗಂಟೆ ಓಡಿದ ಆ ಕಾರಿಗೆ ಎರಡನೆಯ ಸ್ಥಾನವಿರಲಿ, ಯಾವ ಸ್ಥಾನವೂ ದಕ್ಕಲಿಲ್ಲ.

ನಾವಿಬ್ಬರೂ ಸುಮ್ಮನೆ ಕುಳಿತಿದ್ದೆವು. ನಮ್ಮ ಮೌನ ಕಂಡು ದೇವರ ಮನೆಯಿಂದ ಬಂದ ಶ್ರೀಮತಿ ಬಾಗಿಲಲ್ಲೇ ನಿಂತು, "ಏನಾಯ್ತು? ಯಾರಾದ್ರೂ ಹೋದ್ರಾ?" ಎಂದಳು.

"ಇಲ್ಲಮ್ಮ, ಯಾರಿಗೂ ಏನೂ ಆಗಿಲ್ಲ. ಕಾರು ನಿಂತುಹೋಯ್ತು."

"ಅಷ್ಟೇನಾ?" ಎಂದವಳು ಆರಿಹೋದ ಲೋಟಗಳನ್ನು ಎತ್ತಿಕೊಂಡು, ಮತ್ತೆ ಹಾಲು ಕಾಯಿಸಲು ಒಳಗೆ ಹೋದಳು.

ಎರಡು ವರ್ಷಗಳ ಬಳಿಕ, 2018ರ ಜೂನ್ 17ರ ಸಂಜೆ, ಅಮೆರಿಕದಿಂದ ಫೋನು ಬಂದಿತು. ಅಲ್ಲಿ ಆಗ ಬೆಳಗು. ಟೊಯೊಟಾ ಕೊನೆಗೂ ಗೆದ್ದಿತ್ತು. ಚಾಲಕರಲ್ಲಿ ಅದೇ ನಕಾಜಿಮಾ ಇದ್ದನು. "ಸಾರ್, ಕಾಫಿ ಆಯ್ತಾ?" ಎಂದನು ಶಿಷ್ಯ. ಆಯಿತೆಂದೆನು. ಆ ಹಾಳೆಯಲ್ಲಿದ್ದ ಕಾರಿನ ಬಾಗಿಲಿಗೆ ಯಾವ ನಂಬರು ಹಾಕಿದ್ದೆಯೆಂದು ಕೇಳಿದೆನು. ಅವನಿಗೂ ನೆನಪಿರಲಿಲ್ಲ.